ಬಾಗಿಲ ಹೊರಗಿನ ಚಪ್ಪಲಿಗಳು

ಆ ಖೋಲಿ ಸಿಗುವ ಮೊದಲು ಗೋವಾದ ಕೆಪೆಯಲ್ಲಿ ನಾನು ಎಷ್ಟು ಮನೆಗಳ ಗೇಟು ತಟ್ಟಿದೆನೋ ನೆನಪಿಲ್ಲ. ಬಾಡಿಗೆಗೆ ಯಾರು ಎಂದು ಕೇಳುತ್ತಿದ್ದರು. ಗಂಡ ಸತ್ತ ಹೆಂಗಸು, ಅವಳ ಅತ್ತೆ, ಶಾಲೆಗೆ ಸೇರಬೇಕಾದ ಮಗಳು ಎನ್ನುತ್ತಿದ್ದೆ. ಅಲ್ಲಿಯವರೆಗೆ ಮುಖ ಮೆತ್ತಗಿರುತ್ತಿತ್ತು. ಬಾಗಲಕೋಟೆ ಕಡೆಯವರು ಎಂದ ಕೂಡಲೇ, 'ಘಾಟಿಗಳಿಗೆ ಕೊಡುವುದಿಲ್ಲ.' ಘಟ್ಟದಾಚೆಯಿಂದ ದುಡಿಯಲು ಬಂದವರಿಗೆ ಗೋವಾದಲ್ಲಿರುವ ಬೈಗುಳ ಅದು. ನಾನೂ ಘಟ್ಟದಾಚೆಯವಳೇ, ಅಪ್ಪನ ನೌಕರಿಯ ಹಿಂದೆ ಧಾರವಾಡದಿಂದ ಬಂದವಳು. ಒಮ್ಮೆ ಹಾಗೆಂದು ಹೇಳಿದ್ದಕ್ಕೆ, 'ನೀನು ಅವರ ಹಾಗಲ್ಲ ಬಿಡು' ಎಂಬ ಸಮಾಧಾನ ಸಿಕ್ಕಿತ್ತು.

ಓದು ಮುಗಿಸಿ, ಮನೆಯಿಲ್ಲದವರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆಗೆ ಆಗಷ್ಟೇ ಸೇರಿದ್ದೆ. ಅಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಹಾಗಾಗಿ ಆ ಹೆಂಗಸಿನ ಕುಟುಂಬ ನನ್ನ ಪಾಲಿಗೆ ಬಂದಿತ್ತು. ಅವಳ ಗಂಡ ಕಟ್ಟುತ್ತಿರುವ ಬಿಲ್ಡಿಂಗುಗಳಲ್ಲಿ ವಾಚ್‌ಮನ್ ಆಗಿದ್ದ. ಸಂಸಾರದ ವಾಸ ಆ ಬಿಲ್ಡಿಂಗಿನ ಒಳಗೇ. ನೆಲಕ್ಕೆ ಟೈಲ್ಸ್ ಹಾಕುವ ದಿನ ಬಂದರೆ ಗಂಟುಮೂಟೆ ಕಟ್ಟಿ ಇನ್ನೊಂದು ಅರೆಬರೆ ಕಟ್ಟಡಕ್ಕೆ ಹೋಗುವುದು. ಕೊನೆಯ ಬಿಲ್ಡಿಂಗಿಗೆ ಟೈಲ್ಸ್ ಬರುವಷ್ಟರಲ್ಲಿ ಅವನು ಜ್ವರದಲ್ಲಿ ತೀರಿಹೋಗಿದ್ದ. ಅತ್ತೆ, ಸೊಸೆ, ಮಗಳು ಮೂವರೂ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದರು. ಆಮೇಲೆ ಚರ್ಚಿನ ಸಿಸ್ಟರುಗಳು ನಡೆಸುವ ಆಶ್ರಯಧಾಮದಲ್ಲಿದ್ದರು. ಅಲ್ಲಿಯೂ ಹೆಚ್ಚು ಕಾಲ ಇರುವಂತಿರಲಿಲ್ಲ.

ಕೊನೆಗೆ ಒಬ್ಬ ಮನೆಯೊಡತಿ ತನ್ನ ಹಿತ್ತಲಿನ ಸಾಲುಖೋಲಿಗಳ ಚಾಳಿನಲ್ಲಿ ಒಂದು ಖೋಲಿ ಕೊಡಲು ಒಪ್ಪಿದಳು. ಡಿಪಾಜಿಟ್ ಸಂಸ್ಥೆಯದು, ಜಾಮೀನೂ ಸಂಸ್ಥೆಯದೇ. ಈ ಖೋಲಿ ಕೈತಪ್ಪಿದರೆ ಇನ್ನೊಂದು ಕೊಡಿಸಲಾಗದು ಎಂದು ನಮ್ಮ ಮುಖ್ಯಸ್ಥರು ಮೊದಲೇ ಹೇಳಿದ್ದರು.

'ಪಳೆ ಬಾಯ್, ನೋಡಮ್ಮ,' ಎಂದು ಮನೆಯೊಡತಿ ಕೊಂಕಣಿಯಲ್ಲಿ ಶುರುಮಾಡಿದಳು, 'ಮೂವರು ಅಂದರೆ ಮೂವರೇ. ಇವರಲ್ಲಿ ಒಬ್ಬರಿಗೆ ಜಾಗ ಕೊಟ್ಟರೆ ಇಡೀ ಹಳ್ಳಿ ಬಂದು ಮಲಗುತ್ತದೆ.'

ಅದನ್ನು ಕನ್ನಡದಲ್ಲಿ ಹೇಳಿದೆ, ಎರಡು ಸಲ ಹೇಳಿದೆ. ಆ ಹೆಂಗಸು ನಕ್ಕಳು. 'ಯಾರ್ ಬರ್ತಾರ್ರಿ ಬಾಯಾರ ನಮ್ಮ ಮನಿಗೆ?'

ವಿಳಾಸ ಸಿಕ್ಕಿದ್ದರಿಂದ ಮಗಳಿಗೆ ಶಾಲೆ ಸಿಕ್ಕಿತು. ತಾಯಿಗೆ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಕೊಡಿಸಿದೆವು. ಖೋಲಿಯ ಮೂಲೆಯಲ್ಲಿ ಎಲ್ಲವ್ವನ ಫೋಟೊ ನಿಂತಿತು. ಒಂದು ಕೆಲಸವಾದರೂ ನೆಟ್ಟಗೆ ಆಯಿತು ಎಂದುಕೊಂಡೆ.

ಮಳೆ ಹಿಡಿದ ವಾರವೇ ಮನೆಯೊಡತಿಯ ಫೋನು ಬಂತು. ಹೋದಾಗ ಅವಳು ಒಂದು ಕೋಲು ಹಿಡಿದು ಖೋಲಿಯ ಬಾಗಿಲ ಹೊರಗಿದ್ದ ಚಪ್ಪಲಿಗಳನ್ನು ಜೋಡಿಜೋಡಿಯಾಗಿ ಸಾಲು ಮಾಡುತ್ತಿದ್ದಳು. ಗಂಡಸರವು, ಹೆಂಗಸರವು, ಬೆರಳುದ್ದದ ಒಂದು ಜೋಡಿ. ಕೋಲಿನಿಂದಲೇ ತೋರಿಸಿ, 'ಎಣಿಸು' ಎಂದಳು. ಖೋಲಿಯೊಳಗೆ ಅವಳು ಇಣುಕಿಯೂ ನೋಡಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಒಳಗೆ ಇಬ್ಬರು ಗಂಡಸರು ಗೋಡೆಗೆ ಒತ್ತಿ ಕೂತಿದ್ದರು. ಒಬ್ಬ ಬಾಣಂತಿ, ಅವಳ ಕೂಸು, ಇನ್ನೊಂದು ನಡೆದಾಡುವ ಮಗು.

'ಯಾರು ಇವರು?'

'ನಮ್ಮೂರ ಮಂದಿರಿ, ಗಂಡ ಹೆಂಡ್ತಿ, ಮಕ್ಕಳು, ಆಕಿ ಮೈದುನ. ಉಸಗಾಂವದಾಗ ಇವರ ಶೆಡ್ಡು ಕೆಡವ್ಯಾರ. ಮಳ್ಯಾಗ ಕೂಸಿನ್ನ ಎತ್ಕೊಂಡು ಬಾಗಲಾಗ ಬಂದು ನಿಂತ್ರು. ಏನನ್ಲಿ?'

'ಮೂರೇ ಮಂದಿ ಅಂತ ಹೇಳಿದ್ನಲ್ಲ ಅಕ್ಕಾ.'

'ಹೇಳಿದ್ರಿ. ಆದ್ರ ನಾ ಗೋವಾಕ್ಕ ಬಂದ ದಿನ ಇವರ ಶೆಡ್ಡಿನಾಗ ಇಳದಿದ್ದೆ. ಅವತ್ತು ಯಾರೂ ಎಣಸಲಿಲ್ರಿ.'

ಹಾಗೆಯೇ ಎಲ್ಲರೂ ಬರುವುದು. ಊರಿನವರು ಯಾರಿಗೋ ಒಂದು ಸೂರು ಸಿಕ್ಕಿದ ಸುದ್ದಿ ಹೇಗೋ ಹರಡುತ್ತದೆ, ಹೊಸಬರು ಅಲ್ಲಿಗೇ ಬಂದು ಇಳಿಯುತ್ತಾರೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ತಡೆಯಲಾಗಲಿಲ್ಲ.

'ಇವರನ್ನ ಇಟ್ಟುಕೊಂಡ್ರಿ, ಆಯ್ತು. ಚಪ್ಪಲಿನಾದ್ರೂ ಒಳಗ ತೊಗೊಂಡಿದ್ರ ಆಕಿಗೆ ಗೊತ್ತಾಗ್ತಿತ್ತೇನು?'

ಅವಳು ನನ್ನನ್ನು ನಿಜಕ್ಕೂ ಗಾಬರಿಯಿಂದ ನೋಡಿದಳು. 'ಎಲ್ಲವ್ವ ಅದಾಳ್ರಿ ಒಳಗ. ಆಕಿ ಮುಂದ ಚಪ್ಪಲಿ ಇಡ್ಲೇನ್ರಿ?'

ಅತ್ತೆ ಮೂಲೆಯಿಂದ ಬಾಯಿ ಹಾಕಿದಳು. 'ಆ ಮನಿಯಾಕಿ ಎರಡು ನಾಯಿ ಹಾಸಿಗಿ ಮ್ಯಾಲ ಮಲಗಸ್ತಾಳ. ಅವನ್ನ ಯಾರ್ ಎಣಸ್ತಾರ ಕೇಳ್ರಿ ಬಾಯಾರ.'

ಗೋಡೆಗೆ ಒತ್ತಿಕೊಂಡಿದ್ದವನೊಬ್ಬ ನಕ್ಕು, ಕೂಡಲೇ ನಗು ನುಂಗಿದ.

ಆ ಇಡೀ ದಿನ ಫೋನಿನಲ್ಲೇ ಕಳೆಯಿತು. ಆಶ್ರಯಧಾಮದ ಸಿಸ್ಟರು, ಹೆಂಗಸು ಮಕ್ಕಳನ್ನು ಕರೆತನ್ನಿ, ಗಂಡಸರಿಗೆ ಜಾಗವಿಲ್ಲ ಎಂದರು. ಗಂಡಸರಿಗೆ ಜಾಗ ಎಲ್ಲಿದೆ ಎಂದು ಕೇಳಿದರೆ ಇನ್ನೊಂದು ಕಚೇರಿಯ ಹೆಸರು ಹೇಳಿದರು. ಆ ಕಚೇರಿಯವರು, ಕುಟುಂಬವಿದ್ದರೆ ಅದು ನಮ್ಮ ಕೆಲಸವಲ್ಲ ಎಂದರು. ನಮ್ಮ ಮುಖ್ಯಸ್ಥರು ಬರೀ, 'ಖೋಲಿ ಉಳಿಸು' ಎಂದರು. ಗಂಡಹೆಂಡತಿ ಒಟ್ಟಿಗೆ ಮಲಗುವಂಥ ಜಾಗ ಇಡೀ ತಾಲೂಕಿನಲ್ಲಿ ಒಂದೂ ಇರಲಿಲ್ಲ. ಸಂಜೆ ಬಾಣಂತಿಯನ್ನೂ ಮಕ್ಕಳನ್ನೂ ರಿಕ್ಷಾ ಹತ್ತಿಸಿದೆ. ಗಂಡಸರು ಮೊಲೆಂ ಹತ್ತಿರ ರಸ್ತೆ ಕೆಲಸಕ್ಕೆ ಹೊರಟರು, ಅಲ್ಲಿ ಗುತ್ತಿಗೆದಾರ ಗುಡಿಸಲಿಗೆ ತಾಡಪತ್ರಿ ಕೊಡುತ್ತಾನಂತೆ. ಹೊರಡುವ ಮುನ್ನ ಖೋಲಿಯ ಹೆಂಗಸು ರೊಟ್ಟಿ ಬಡಿದು ಎರಡು ಗಂಟು ಕಟ್ಟಿ, ಎರಡೂ ಕಡೆಯವರ ದಾರಿಗೆ ಒಂದೊಂದು ಕೊಟ್ಟಳು. ಒಂದೇ ಸಂಸಾರಕ್ಕೆ ಎರಡು ಗಂಟು. ನನ್ನ ಕಡೆ ನೋಡಲಿಲ್ಲ.

ಮನೆಯೊಡತಿ ತಣ್ಣಗಾದಳು. ಇನ್ನೊಮ್ಮೆ ಹೀಗಾದರೆ ಬೀಗ ಎಂದಷ್ಟೇ ಹೇಳಿದಳು. ಖೋಲಿ ಉಳಿಯಿತೆಂದು ಆಫೀಸಿನಲ್ಲಿ ಎಲ್ಲರಿಗೂ ಖುಷಿ. ನಾನು ಬೇರೇನು ಮಾಡಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಏನೂ ಇರಲಿಲ್ಲ. ಸಿಟ್ಟು ಬರುವುದು ಅದಕ್ಕೇ.

ಮುಂದಿನ ತಿಂಗಳು ನೋಡಲು ಹೋದೆ. ಬಾಗಿಲ ಹೊರಗೆ ಮೂರೇ ಜೋಡಿ ಚಪ್ಪಲಿ. ಒಳಗೆ ಹುಡುಗಿ ಪಾಠ ಓದುತ್ತಿದ್ದುದು ಕೇಳುತ್ತಿತ್ತು. ಎಂದಿನಂತೆ ಬಗ್ಗಿ ನನ್ನ ಚಪ್ಪಲಿಯ ಪಟ್ಟಿಗೆ ಕೈಹಾಕಿದೆ.

'ಇರ್ಲಿ ಬಾಯಾರ,' ಎಂದಳು ಅವಳ ತಾಯಿ ಹೊಸ್ತಿಲಲ್ಲಿ ನಿಂತು. 'ಒಳಗ ಎಲ್ಲವ್ವ ಅದಾಳ, ಹೊರಗೂ ಬಿಡಬ್ಯಾಡ್ರಿ. ನಿಮ್ಮದೊಂದು ಜೋಡ ಕೂಡಿದ್ರ ನಾಕ ಆಗ್ತಾವ.'

ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ. ಮಗಳ ಕೈಯಲ್ಲಿ ಚಹಾ ಕಳಿಸಿದಳು. ತನ್ನ ಜಗುಲಿಯಲ್ಲಿ ಕೂತಿದ್ದ ಮನೆಯೊಡತಿ ನನ್ನತ್ತ ಕೈಬೀಸಿದಳು. ಚಪ್ಪಲಿ ಹಾಕಿಕೊಂಡೇ, ಅಂಗಳದಲ್ಲಿ ನಿಂತು ಚಹಾ ಕುಡಿದು, ಲೋಟ ಹೊಸ್ತಿಲ ಮೇಲಿಟ್ಟು ಬಂದೆ.