ಬೀಜದ ಕೋಣೆಯ ತೋಟಾಗಳು

ಒಣಗಿದ ಬೇವಿನ ಸೊಪ್ಪಿನ ವಾಸನೆ ಬಂದರೆ ಬೇರೆಯವರಿಗೆ ಏನು ನೆನಪಾಗುತ್ತದೋ ಕಾಣೆ, ನನಗೆ ಮಾತ್ರ ಕೋವಿ ನೆನಪಾಗುತ್ತದೆ. ಮೊನ್ನೆ ಸೊಸೆ ಹುಳ ಬೀಳದಿರಲೆಂದು ರಾಗಿ ಡಬ್ಬಕ್ಕೆ ಬೇವಿನೆಲೆ ಹಾಕುತ್ತಿದ್ದಳು. ಆ ಕಹಿ ಘಮ ಮೂಗಿಗೆ ತಾಕಿದ್ದೇ ತಡ, ಪೂರಿಗಾಲಿಯ ಆಚೆಗಿದ್ದ ನಮ್ಮ ಹಳ್ಳಿಯ ಮನೆಯ ಬೀಜದ ಕೋಣೆಯಲ್ಲಿ ನಿಂತುಬಿಟ್ಟೆ. ಕಿಟಕಿಯಿಲ್ಲದ, ಹಗಲಲ್ಲೂ ತಣ್ಣಗಿರುತ್ತಿದ್ದ ಕೋಣೆ ಅದು. ಬೂದಿ ಸವರಿದ ಅವರೆಕಾಳಿನ ಮಡಕೆಗಳು, ಮುಂದಿನ ವರ್ಷದ ಬಿತ್ತನೆಗೆ ಬೇವಿನೆಲೆ ಬೆರೆಸಿ ಎತ್ತಿಟ್ಟ ರಾಗಿ, ತೊಲೆಯಿಂದ ಇಳಿಬಿಟ್ಟ ಸೋರೆ ಬುರುಡೆಗಳು. ನಿಮ್ಮ ಮನೆಯಲ್ಲೂ ಅಂಥದೊಂದು ಕೋಣೆ ಇದ್ದಿರಬಹುದು. ಆದರೆ ನಿಮ್ಮ ಮನೆಯ ಬುರುಡೆಗಳಲ್ಲಿ ಹೀರೆಬೀಜ, ಕುಂಬಳಬೀಜ ಇದ್ದವು. ನಮ್ಮ ಮನೆಯದರಲ್ಲಿ ತೋಟಾಗಳಿದ್ದವು.

ತೋಟಾ ಎಂದರೆ ತಾತನ ಕೋವಿಗೆ ಹಾಕುವ ಮದ್ದಿನ ಕೊಳವೆ. ತಳಕ್ಕೆ ಹಿತ್ತಾಳೆ, ಮೇಲೆ ಕೆಂಪು ಕಾಗದ, ಒಳಗೆ ಮದ್ದು, ಮದ್ದಿನ ಮೇಲೆ ಕಡಲೆಕಾಳಿನ ಗಾತ್ರದ ಸೀಸದ ಚರೆ. ನಮ್ಮ ಹೊಲಗಳು ಕುರುಚಲು ಕಾಡಿನ ಅಂಚಿಗೇ ಇದ್ದವು. ಶಿವನಸಮುದ್ರದಿಂದ ಹೊರಟ ಕರೆಂಟಿನ ತಂತಿ ನಮ್ಮ ತಲೆಯ ಮೇಲೆಯೇ ಹಾದು ಎಲ್ಲಿಗೋ ಬೆಳಕು ಒಯ್ಯುತ್ತಿತ್ತು, ಅದರ ಕೆಳಗೆ ಹಂದಿಗಳು ನಮ್ಮ ರಾಗಿಯನ್ನು ತುಳಿದು ಮಲಗಿಸಿ ಹೋಗುತ್ತಿದ್ದವು. ಸುತ್ತಲ ಊರುಗಳಲ್ಲಿ ಲೈಸೆನ್ಸ್ ಇದ್ದ ಕೋವಿ ತಾತನದೊಂದೇ. ಪೈರು ಹಾಲುಗಟ್ಟುವ ಕಾಲಕ್ಕೆ ಅವನು ಕಂಬಳಿ ಹೊದ್ದು ಹೊಲದ ಕಡೆ ನಡೆದರೆ ಊರೇ ನೆಮ್ಮದಿಯಾಗಿ ಮಲಗುತ್ತಿತ್ತು. ಗುರಿಯಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಊರವರು ಹೇಳುತ್ತಿದ್ದರು. ಊರವರಿಗಿಂತ ಹೆಚ್ಚಾಗಿ ಅವನೇ ಹೇಳುತ್ತಿದ್ದ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಒಂದು ದಿನ ಬುಡನ್ ಸಾಬರು ಮಳವಳ್ಳಿಯಿಂದ ಸೈಕಲ್ಲಿನಲ್ಲಿ ಬಂದರು. ಕೋವಿ ರಿಪೇರಿ ಮಾಡುತ್ತ, ತೋಟಾ ಮಾರುತ್ತ ಇದ್ದ ಅವರು ತಾತನ ಹಳೆಯ ಗೆಳೆಯರು. ಜಗಲಿಯ ಮೇಲೆ ಕೂತು ನೀರು ಕುಡಿದು, "ಗೌಡ್ರೇ, ಇನ್ಮೇಲೆ ಮಾಲು ಬರಕಿಲ್ಲ. ಎಲ್ಲಾ ದಂಡಿಗೇ ಓಯ್ತಾ ಅದೆ. ನನ್ತಾವ ಇರೋದು ಒಂದೇ ಪೆಟ್ಗೆ. ಎಷ್ಟು ಮಡಿಕ್ಕತೀರಾ ಯೋಳಿ," ಎಂದರು.

"ಎಷ್ಟೇನು? ಪೆಟ್ಗೆನೇ ಇಳ್ಸು," ಎಂದ ತಾತ.

ಚಿಕ್ಕಪ್ಪ ಅರ್ಧ ಸಾಕು ಎಂದ. ಬಾಗಿಲ ಹಿಂದಿನಿಂದ ಅಜ್ಜಿಯ ದನಿ ಬಂತು: "ಒಲೆ ಉರಿಯೋ ಮನೇಲಿ, ಮಕ್ಳು ಓಡಾಡೋ ಮನೇಲಿ, ಮದ್ದಿನ ಪೆಟ್ಗೆಯಾ? ಒಂದೂ ಬ್ಯಾಡ."

"ಅಂದಿ ಬಂದ್ರೆ ನಿನ್ ಸೌಟು ತಕೊಂಡು ಓಡಸ್ತೀಯಾ?"

ಆ ವಾದ ಮಧ್ಯಾಹ್ನದ ಮುದ್ದೆ ಊಟ ಮುಗಿದರೂ ಮುಗಿಯಲಿಲ್ಲ. ಸರ್ಕಾರದ ಲೆವಿಗೆ ಕೊಟ್ಟು ಉಳಿದ ರಾಗಿಯಲ್ಲಿ ವರ್ಷ ಕಳೆಯಬೇಕಿದ್ದ ಕಾಲ. ಹಂದಿ ತಿಂದರೆ ನಮಗಿಲ್ಲ ಎಂಬುದು ಅಜ್ಜಿಗೂ ಗೊತ್ತಿತ್ತು. ಕೊನೆಗೆ ಅವಳೇ ಇತ್ಯರ್ಥ ಮಾಡಿದಳು. ಪೆಟ್ಟಿಗೆ ಪೂರ್ತಿ ಬರಲಿ, ಆದರೆ ತೋಟಾಗಳು ಬುರುಡೆಗೆ ಬಿದ್ದು ಬೀಜದ ಕೋಣೆಯಲ್ಲಿ ತನ್ನ ಕೈಕೆಳಗೆ ಇರಬೇಕು. ಬೇಕಾದವರು ಬಂದು ಯಾಕೆ ಬೇಕೆಂದು ಹೇಳಿ ಕೇಳಬೇಕು. ತಾತ ಮೀಸೆಯಲ್ಲೇ ನಕ್ಕು ಒಪ್ಪಿದ. ಮಾರನೆಯ ವಾರದಿಂದಲೇ ಅವನ ನಗು ಇಳಿಯಿತು. ನಾವು ಕಡಲೆಕಾಯಿಗೆ ಕೈಚಾಚಿ ನಿಲ್ಲುತ್ತಿದ್ದ ಹೊಸಿಲಲ್ಲೇ ಅವನೂ ನಿಂತು, ಹಂದಿಯ ಹೆಜ್ಜೆ ಗುರುತು ಎಷ್ಟು ದೊಡ್ಡದಿತ್ತೆಂದು ಕೈಯಗಲಿಸಿ ತೋರಿಸಬೇಕಾಗುತ್ತಿತ್ತು. ಅಜ್ಜಿಗೆ ತೋಟಾ ಮುಟ್ಟಲು ಭಯ. ಬೆರಳು ತಾಗಿದರೂ ಸಿಡಿಯುತ್ತದೆಂದು ನಂಬಿದ್ದಳು. ಬುರುಡೆಯನ್ನು ಬಗ್ಗಿಸಿ ತೆಂಗಿನ ಕರಟದೊಳಕ್ಕೆ ಒಂದೆರಡು ಉರುಳಿಸಿಕೊಂಡು, ಮುಖ ಆ ಕಡೆ ತಿರುಗಿಸಿ, ಕೈಯನ್ನು ಉದ್ದಕ್ಕೆ ಚಾಚಿ ಕೊಡುತ್ತಿದ್ದಳು.

ಹೀಗೆ ಒಂದು ಸುಗ್ಗಿ ಕಳೆಯಿತು. ಮರು ವರ್ಷ ಖಾಲಿ ಕೊಳವೆಗಳು ಮನೆಗೆ ಬರತೊಡಗಿದವೇ ಹೊರತು ಹಂದಿ ಬರಲಿಲ್ಲ. ತಾತ ಗಾಳಿಯನ್ನು ಬೈದ, ಮಂಜನ್ನು ಬೈದ. ಒಂದು ಮುಂಜಾನೆ ಬದುವಿನ ಹತ್ತಿರ ಕರ್ರಗೆ ಏನೋ ಅಲುಗಿದ್ದು ಕಂಡು ಹೊಡೆದೇಬಿಟ್ಟ. ಅದು ಪಕ್ಕದ ಹೊಲದ ಚಿಕ್ಕಣ್ಣ, ಕಂಬಳಿ ಹೊದ್ದು ಕೂತಿದ್ದವನು. ಅವನ ಪುಣ್ಯ, ನಮ್ಮ ಪುಣ್ಯ, ಚರೆ ಕಂಬಳಿಯ ಅಂಚನ್ನು ಮಾತ್ರ ತೂತು ಮಾಡಿತು. ಚಿಕ್ಕಣ್ಣ ಆ ತೂತುಗಳಲ್ಲಿ ಬೆರಳು ತೂರಿಸಿ ಊರಿಗೆಲ್ಲ ತೋರಿಸಿಕೊಂಡು ನಕ್ಕ. "ನಾ ಬೇಕಂತ್ಲೇ ಮ್ಯಾಲಕ್ಕೆ ಒಡ್ದೆ ಕಣ್ಲಾ," ಎಂದು ತಾತನೂ ನಕ್ಕ. ಅಜ್ಜಿ ನಗಲಿಲ್ಲ. ಅಂದು ಊಟಕ್ಕೆ ಕೂತಾಗ ತಾತ ಉಪ್ಪೆಂದು ಸುಣ್ಣದ ಡಬ್ಬಿಯನ್ನು ಎಳೆದುಕೊಂಡದ್ದನ್ನು ನೋಡಿ, ಸುಮ್ಮನೆ ಉಪ್ಪಿನ ಬಟ್ಟಲನ್ನು ಮುಂದಕ್ಕೆ ಸರಿಸಿದಳು.

ಕೋವಿ ಕಿತ್ತುಕೊಳ್ಳಬೇಕೆಂದು ಚಿಕ್ಕಪ್ಪ ಹೇಳಿದ. "ಕೋವಿ ಕಿತ್ಕಂಡ್ರೆ ಅವರು ಬದುಕಿರ್ತಾರೇನ್ಲಾ?" ಎಂದು ಅಜ್ಜಿ ಅವನ ಬಾಯಿ ಮುಚ್ಚಿಸಿದಳು. ತಾತ ಸಂತೆಗೆ ಹೋದ ದಿನ ಬುಡನ್ ಸಾಬರನ್ನು ಹಿತ್ತಲ ಬಾಗಿಲಿಂದ ಕರೆಸಿದಳು. ಹಂದಿ ಓಡಿಸಲು ಸದ್ದು ಸಾಕಲ್ಲವೇ, ಚರೆ ಯಾಕೆ ಎಂಬುದು ಅವಳ ಪ್ರಶ್ನೆ. ಸಾಬರು ಗಡ್ಡ ಸವರಿಕೊಂಡು, "ಅವ್ವಾ, ಖಾಲಿ ಬುಟ್ರೆ ಅಲ್ಲಾಡಿಸ್ದಾಗ ಗೊತ್ತಾಯ್ತದೆ. ಏನಾರಾ ತುಂಬ್ಬೇಕು," ಎಂದರು. ಅಜ್ಜಿ ಒಂದು ಮೊರ ರಾಗಿ ತಂದಿಟ್ಟಳು. ಸಾಬರು ಒಂದೊಂದೇ ತೋಟಾದ ಬಾಯಿ ಬಿಡಿಸಿ, ಚರೆ ಸುರಿದು, ರಾಗಿ ತುಂಬಿ, ಮತ್ತೆ ಮಡಿಚಿ ಅಂಟು ಹಾಕಿದರು. ಚಿರತೆ ಗಿರತೆ ಬಂದರೆ ಇರಲಿ ಎಂದು ಕೆಲವನ್ನು ಮಾತ್ರ ಹಾಗೆಯೇ ಉಳಿಸಿ ಬೇರೆ ಬುರುಡೆಗೆ ಹಾಕಿಸಿದಳು. ಅವ್ವ, ತಾತನ ಕಿರಿಮಗಳು ಸಣ್ಣತ್ತೆ, ನಾನು ಬಾಯಿಗೆ ಸೆರಗು, ಲಂಗ ತುರುಕಿಕೊಂಡು ನಕ್ಕೆವು. ಮನೆಯ ಹೆಂಗಸರಿಗೆಲ್ಲ ಗೊತ್ತಿದ್ದ ಆ ಗುಟ್ಟು ಗಂಡಸರಲ್ಲಿ ಒಬ್ಬರಿಗೂ ತಿಳಿದಿಲ್ಲವೆಂದೇ ನಂಬಿದ್ದೆವು. ಸದ್ದಿಗೆ ಹಂದಿಗಳು ಓಡುತ್ತಿದ್ದವು, ರಾಗಿ ಉಳಿಯುತ್ತಿತ್ತು, ತಾತ ಬೆಳಿಗ್ಗೆ ಜಗಲಿಯಲ್ಲಿ ಕೂತು ಗಾಳಿಯನ್ನು ಬೈಯುತ್ತಿದ್ದ.

ಸಣ್ಣತ್ತೆಯ ಮದುವೆಗೆ ನಿಡಘಟ್ಟದ ಬೀಗರು ಗಾಡಿ ಕಟ್ಟಿಕೊಂಡು ಬಂದರು. ಊಟವಾದ ಮೇಲೆ ಗಂಡಿನ ದೊಡ್ಡಪ್ಪ ಎಲೆಯಡಿಕೆ ಜಗಿಯುತ್ತ, "ಗೌಡ್ರ ಗುರಿ ಬೋ ದೊಡ್ಡದಂತಲ್ಲಾ. ಆ ತೆಂಗಿನ್ ಮರದಲ್ಲಿರೋ ಕಾಯಿ ಒಂದ್ ಕೆಡವಿ, ನೋಡವ," ಎಂದ. ಚಪ್ಪರದ ತುಂಬ ಜನ ಹೋ ಎಂದರು. ತಾತ ಕೋವಿ ತಂದು ಅಜ್ಜಿಯ ಕಡೆ ನೋಡಿದ. ಅಜ್ಜಿ ಬೀಜದ ಕೋಣೆಗೆ ಹೋದವಳು ಹೊರಗೆ ಬರಲೇ ಇಲ್ಲ. ನಾನು ಹೋಗಿ ನೋಡಿದರೆ ಎರಡು ಬುರುಡೆಗಳ ನಡುವೆ ನಿಂತಿದ್ದಾಳೆ. ಚರೆಯದು ಕೊಟ್ಟರೆ, ಆ ಮಂಜುಗಣ್ಣಿನ ಗುರಿಗೆ ಇಷ್ಟು ಜನರ ನಡುವೆ ಯಾರಿಗಾದರೂ ತಾಗೀತು. ರಾಗಿಯದು ಕೊಟ್ಟರೆ ಕಾಯಿ ಬೀಳುವುದಿಲ್ಲ, ಬೀಗರ ಮುಂದೆ ಗಂಡನ ಹೆಸರು ಬೀಳುತ್ತದೆ. ಹೊರಗಿನಿಂದ ಎರಡು ಸಲ ಕೂಗು ಬಂತು. ಅಜ್ಜಿ ಕಣ್ಣು ಮುಚ್ಚಿ ರಾಗಿಯ ಬುರುಡೆ ಬಗ್ಗಿಸಿದಳು.

ಕರಟದಿಂದ ತೋಟಾ ತೆಗೆದುಕೊಂಡ ತಾತ ಅದನ್ನು ಅಂಗೈಯಲ್ಲಿ ಒಂದು ಗಳಿಗೆ ಇಟ್ಟುಕೊಂಡ. ಆಮೇಲೆ ಕೋವಿಗೆ ಹಾಕಿ, ತೆಂಗಿನ ಮರದ ಕಡೆ ತಿರುಗಿಯೂ ನೋಡದೆ, ನೆಟ್ಟಗೆ ಆಕಾಶಕ್ಕೆ ಹೊಡೆದ. ಎತ್ತುಗಳು ಬೆದರಿದವು. ಚಪ್ಪರದ ಸೋಗೆಯ ಮೇಲೆ ಸಣ್ಣಗೆ ಏನೋ ಉದುರಿತು.

"ಮದ್ವೆ ಮನೇಲಿ ಕಾಯಿ ಕೆಡವ್ಬಾರ್ದು ಕಣ್ರಪ್ಪಾ," ಎಂದ. "ಸದ್ದೊಂದ್ ಸಾಕು. ನನ್ ಮಗ್ಳು ಓಯ್ತಾವ್ಳೆ ಅಂತ ಊರ್ಗೆಲ್ಲಾ ಗೊತ್ತಾಗ್ಲಿ."

ಬೀಗರು ತಲೆದೂಗಿದರು. ಸಣ್ಣತ್ತೆ ಅಳಲು ಶುರುಮಾಡಿದಳು. ಸಂಜೆ ಗಾಡಿಗಳು ಹೊರಟ ಮೇಲೆ ತಾತ ಹಿತ್ತಲಲ್ಲಿ ಅಜ್ಜಿಯ ಪಕ್ಕ ಬಂದು ಕೂತ.

"ಚರೆ ತೆಗ್ದು ಏನು ತುಂಬ್ಸಿದ್ದೆ?"

"ರಾಗಿ."

"ರಾಗಿ ಉಳ್ಸಕ್ಕೆ ರಾಗಿನೇ ಒಡೀತಿದ್ನಾ!" ತಾತ ಕೆಮ್ಮು ಬರುವಷ್ಟು ನಕ್ಕ.

"ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿವ್ಸವೇ. ಆದ್ರೂ ನಿನ್ ಕೆಲ್ಸ ಗಟ್ಟಿ ಕಣಮ್ಮಿ. ಬ್ಯಾರೆ ಯಾವನ್ಗೂ ಗೊತ್ತಾಗ್ತಿರ್ನಿಲ್ಲ. ಇಷ್ಟು ವರ್ಸ ಕೋವಿ ಇಡ್ದಿರೋ ಕೈ ನೋಡು, ಅದ್ಕೇ ಗೊತ್ತಾಯ್ತು."

ಅಜ್ಜಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ತನ್ನ ಕೈಚಳಕ ಕಂಡುಹಿಡಿಯಲು ಅಂಥ ಬೇಟೆಗಾರನೇ ಬೇಕಾಯಿತೆಂದು ಬಾವಿಯ ಬಳಿ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು. ಇನ್ನು ಮುಚ್ಚಿಡುವುದೇನೆಂದು ಎಲ್ಲವನ್ನೂ ಒಂದೇ ಬುರುಡೆಗೆ ಸುರಿದಳು. ಆಮೇಲೆ ತಾತ ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತಿದ್ದ. ಆರಿಸಿದ್ದು ಯಾವಾಗಲೂ ರಾಗಿಯದೇ.

ದೇಶಕ್ಕೆ ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ತಾತ ತೀರಿಕೊಂಡ. ತಿಥಿ ಮುಗಿದ ಮೇಲೆ ಕೋವಿಯನ್ನೂ ಉಳಿದ ತೋಟಾಗಳನ್ನೂ ಮಳವಳ್ಳಿ ಕಚೇರಿಗೆ ಒಪ್ಪಿಸಬೇಕಾಯಿತು. ಸರ್ಕಾರಕ್ಕೆ ರಾಗಿ ತುಂಬಿದ ತೋಟಾ ಕೊಟ್ಟರೆ ನಗುತ್ತಾರೆಂದು ಅಜ್ಜಿಗೆ ಸಂಕೋಚ. ಆರಿಸಿಕೊಡುವ ಕೈ ಇನ್ನಿರಲಿಲ್ಲ. ಹೊಸಿಲಲ್ಲಿ ಕೂತು, ಬುರುಡೆ ಬಗ್ಗಿಸಿ, ಬದುಕಿನಲ್ಲಿ ಮೊದಲ ಸಲ ಕೈ ಚಾಚಿ ತೋಟಾ ಮುಟ್ಟಿದಳು. ಬಲಗೈಗೆ ಒಂದು, ಎಡಗೈಗೆ ಒಂದು. ಅವಳ ಮುಖ ಬದಲಾಯಿತು. ಎರಡನ್ನೂ ನನ್ನ ಕೈಗಿಟ್ಟಳು. ಒಂದು ನುಣ್ಣನೆಯ ಕಲ್ಲಿನ ಹಾಗೆ ಭಾರ. ಇನ್ನೊಂದು ಒಣ ಹುಣಸೆಕಾಯಿಯಷ್ಟು ಹಗುರ.

"ಇದು ಎಳೇ ಮಗೀಗೂ ಗೊತ್ತಾಯ್ತದಲ್ಲವ್ವಾ," ಎಂದಳು ಮೆಲ್ಲಗೆ. ಆಮೇಲೆ, "ಕಳ್ ಮುದ್ಕ," ಎಂದು ನಗಲು ಶುರುಮಾಡಿದಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ಹೊತ್ತಾಯಿತೆಂದು ಅಂಗಳದಿಂದ ಕೂಗುತ್ತಿದ್ದ. ಅಜ್ಜಿ ಅವೆರಡನ್ನೂ ನನ್ನಿಂದ ವಾಪಸು ತೆಗೆದುಕೊಂಡು, ತುಂಬ ಹೊತ್ತು ಕೆಳಗಿಡಲಿಲ್ಲ.