ಚಿಕ್ಕಮ್ಮ ಕರೆತಂದ ಇಪ್ಪತ್ತಾರು ಜನ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಹಾಲ್‌ಗೆ ಚಿಕ್ಕಮ್ಮ ಆ ಭಾನುವಾರ ಇಪ್ಪತ್ತಾರು ಜನರನ್ನು ಕರೆತಂದಳು. ನಾನು ಕೇಳಿದ್ದಕ್ಕೆ. ನವಿ ಮುಂಬಯಿಯ ಲ್ಯಾಬೊಂದರಲ್ಲಿ ಆಗ ನನ್ನ ಕೆಲಸ: ಮನುಷ್ಯ ಎತ್ತರವಾಗುವುದಕ್ಕೆ, ಗಿಡ್ಡವಾಗುವುದಕ್ಕೆ ಯಾವ ಜೀನು ಕಾರಣವೆಂದು ಕಂಪ್ಯೂಟರಿನಲ್ಲಿ ಹುಡುಕುವುದು. ಅದಕ್ಕೆ ಕರಾವಳಿಯವರ ರಕ್ತ ಬೇಕಿತ್ತು. ಚಿಕ್ಕಮ್ಮ ತನ್ನ ಅಣ್ಣಂದಿರು, ಅವರ ಮಕ್ಕಳು, ಸೋದರಮಾವನ ಮನೆಯವರು, ಟಿಟ್ವಾಳಾದ ಅಕ್ಕ ಎಲ್ಲರನ್ನೂ ಬೆಳಗಿನ ಲೋಕಲ್ ಹತ್ತಿಸಿ ತಂದು, ಮೊದಲು ತಾನೇ ತೋಳು ಚಾಚಿದಳು.

"ಕೊಡುದು ನಮ್ಮ ಹುಡುಗಿಗೇ ಅಲ್ವಾ, ಹೆದರ್ಲಿಕ್ಕೆ ಎಂತ ಉಂಟು?" ಎಂದು ಉಳಿದವರಿಗೆ ಧೈರ್ಯ ಹೇಳಿದಳು.

ಈ ಲೆಕ್ಕಕ್ಕೆ ನಂಟರು ಆಗಿಬರುವುದಿಲ್ಲ. ಒಂದೇ ಮನೆತನದವರೆಲ್ಲ ಎತ್ತರವಿದ್ದರೆ, ಅವರಿಗೆ ಸಮಾನವಾಗಿರುವ ಪ್ರತಿ ಜೀನೂ ಎತ್ತರದ ಜೀನಿನಂತೆಯೇ ಕಾಣುತ್ತದೆ. ಹಾಗಾಗಿ ಹತ್ತಿರದ ಸಂಬಂಧದಲ್ಲಿ ಒಬ್ಬರನ್ನು ಇಟ್ಟುಕೊಂಡು ಉಳಿದವರನ್ನು ಬಿಡಬೇಕು. ಇದು ನನಗೆ ಮೊದಲೇ ಗೊತ್ತಿತ್ತು. ಲ್ಯಾಬಿನವರಿಗೆ ತಲೆ ಎಣಿಕೆ ತೋರಿಸುವ ಆತುರದಲ್ಲಿ ಬಾಯಿ ಬಿಡಲಿಲ್ಲ. ಸೋದರಿಕೆಯಲ್ಲೇ ಮದುವೆ ಮಾಡಿಕೊಂಡು ಬಂದ ನಮ್ಮ ಮನೆತನದಿಂದ ಕಂಪ್ಯೂಟರ್ ನಾಲ್ವರನ್ನು ಉಳಿಸಿತು. ಅದರಲ್ಲಿ ಚಿಕ್ಕಮ್ಮ ಇರಲಿಲ್ಲ.

ಚೌತಿಗೆ ಅವಳ ಮನೆಗೆ ಹೋದಾಗ ಕೇಳಿದಳು: "ಎಂತ ಬಂತು ಮಾರಾಯ್ತಿ, ನನ್ನ ರಕ್ತದಲ್ಲಿ?"

ಅವಳು ಕೇಳಿದ್ದು ಸುಮ್ಮನೆ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ನಿನ್ನನ್ನು ಬಿಟ್ಟೆವು ಎನ್ನಲು ನಾಚಿಕೆಯಾಗಿ, "ಎಲ್ಲ ಒಳ್ಳೇದುಂಟು ಚಿಕ್ಕಮ್ಮ" ಎಂದುಬಿಟ್ಟೆ.

ಅವಳು ಅದನ್ನೇ ಡಾಕ್ಟರ ರಿಪೋರ್ಟ್ ಮಾಡಿಕೊಂಡಳು. ಚಿಕ್ಕಪ್ಪ ಶುಗರ್ ಟೆಸ್ಟ್ ಮಾಡಿಸು ಎಂದಾಗಲೆಲ್ಲ, "ಹುಡುಗಿ ಕಂಪ್ಯೂಟರಲ್ಲೇ ನೋಡಿದ್ದಾಳೆ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಒಮ್ಮೆ ನನ್ನೆದುರಿಗೇ ಹಾಗೆಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು. ಆಗಲಾದರೂ ಹೇಳಬಹುದಿತ್ತು. ಹೇಡಿ ನಾನು, ಎಲೆ ನೋಡುತ್ತ ಉಂಡೆ.

ಎರಡು ವರ್ಷದ ಮೇಲೆ ಅವಳ ಕಾಲಿನ ಗಾಯ ಮಾಯಲಿಲ್ಲ. ಠಾಣೆಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಶುಗರ್ ಬಹಳ ದಿನದಿಂದ ಇದ್ದಿರಬೇಕು ಎಂದರು ಡಾಕ್ಟರು. ಚಿಕ್ಕಪ್ಪ ನನ್ನತ್ತ ತಿರುಗಿದರು. ಅವರು ಮಾತೆತ್ತುವ ಮೊದಲೇ ಚಿಕ್ಕಮ್ಮ ಮಲಗಿದಲ್ಲಿಂದ ಗದರಿದಳು.

"ಅವಳಿಗೆ ಎಂತದೂ ಹೇಳ್ಬೇಡಿ. ಅವಳು ನೋಡುವಾಗ ಇರ್ಲಿಲ್ಲ, ಆಮೇಲೆ ಬಂದದ್ದು."

ನಾನು ನೋಡಿಯೇ ಇರಲಿಲ್ಲ. ಅದನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.