ಹೆಸರಿಡದ ದಡಿ

ಮಗ್ಗದಿಂದ ಕತ್ತರಿಸಿ ಇಳಿಸುವ ತನಕ ಸೀರೆಗೆ ಹೆಸರು ಹೇಳಬಾರದು. ಬೆಟಗೇರಿಯ ಎಲ್ಲ ನೇಕಾರರ ಮನೆಯಲ್ಲೂ ಈ ಪದ್ಧತಿ ಇತ್ತೋ ಇಲ್ಲವೋ ಗೊತ್ತಿಲ್ಲ, ನಮ್ಮ ಮನೆಯಲ್ಲಿತ್ತು. ಮಗ್ಗದ ಮೇಲಿದ್ದದ್ದನ್ನು ನೋಡಿ ಯಾರಾದರೂ ಇದು ಯಾವ ಸೀರೆ ಎಂದು ಕೇಳಿದರೆ, ಇನ್ನೂ ಸೀರೆ ಆಗಿಲ್ಲ ಎಂದು ಅಪ್ಪ ಮುಖ ತಿರುಗಿಸುತ್ತಿದ್ದ. ಚಿಕ್ಕವಳಿದ್ದಾಗ ನನಗದು ಸೊಕ್ಕಿನ ಮಾತು ಅನಿಸುತ್ತಿತ್ತು. ಈಗ ಆ ಸೊಕ್ಕನ್ನು ಇನ್ನೊಮ್ಮೆ ಕೇಳಬೇಕೆಂದು ಜೀವ ಹಂಬಲಿಸುತ್ತದೆ.

ಅಪ್ಪ ನಲವತ್ತು ವರ್ಷ ಸೀರೆಯ ಅಂಚಿಗೆ ಬೇರೆಯವರು ಬರೆದುಕೊಟ್ಟ ದಡಿಗಳನ್ನೇ ನೇಯ್ದ. ಮೊಣಕಾಲು ಮಗ್ಗದ ಕುಣಿಗೆ ಇಳಿಯಲು ಒಪ್ಪದಾದಾಗ, ಒಂದು ದಿನ ಬಂದು ನನ್ನ ಕಂಪ್ಯೂಟರಿನ ಮುಂದೆ ಕುಳಿತ. ನಾನು ಗದಗಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಮನೆಯ ಮಷೀನಿಗೆ ಲಕ್ಷ್ಮೇಶ್ವರದ ನನ್ನ ಗೆಳತಿ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟಿದ್ದಳು. ಅದರಲ್ಲಿ ದಡಿ ಬರೆಯುವ ಹಳೆಯ ಪ್ರೋಗ್ರಾಂ ಒಂದಿತ್ತು. ಚೌಕಳಿ ಚೌಕಳಿಯಾಗಿ ಬಣ್ಣ ತುಂಬುತ್ತ ಹೋಗುವುದು. ಮೊದಮೊದಲು ಅಪ್ಪ ಮೌಸನ್ನು ಲಾಳಿಯಂತೆ ಎಸೆಯುತ್ತಿದ್ದ, ಬಾಣ ಪರದೆಯ ಅಂಚಿಗೆ ಹೋಗಿ ಬಡಿಯುತ್ತಿತ್ತು. ನಾನು ನಗುತ್ತಿದ್ದೆ. ಎರಡು ವಾರದಲ್ಲಿ ಪಳಗಿದ.

ಅವನು ಬರೆಯತೊಡಗಿದ್ದು ಅವ್ವನ ಸೀರೆಯ ದಡಿ. ಅವ್ವನ ತವರು ಕುರ್ತಕೋಟಿ. ಮದುವೆಗೆ ಮುಂಚೆ ಅವಳು ಜೋಳದ ಹೊಲದಲ್ಲಿ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದಳಂತೆ. ಅಪ್ಪ ದಡಿಯ ಉದ್ದಕ್ಕೂ ಜೋಳದ ತೆನೆ ಬಿಡಿಸಿ, ಪ್ರತಿ ಏಳನೇ ತೆನೆಯ ಮೇಲೆ ಒಂದೊಂದು ಗುಬ್ಬಿ ಕೂರಿಸಿದ. ತಾನು ಓಡಿಸಿದ ಗುಬ್ಬಿಗಳನ್ನೆಲ್ಲ ಕರೆತಂದು ತನ್ನ ಸೀರೆಗೆ ಹಾಕುತ್ತಿದ್ದಾನೆಂದು ಅವ್ವ ಗೊಣಗಿದಳು. ಗೊಣಗುತ್ತಲೇ ಅವನ ಬೆನ್ನ ಹಿಂದೆ ನಿಂತು ದಿನಾ ನೋಡುತ್ತಿದ್ದಳು. ಗಂಡನ ಹೆಸರು ಹೇಳುವವಳಲ್ಲ ಅವಳು. ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗಲೂ ನನ್ನ ಮುಖ ನೋಡುತ್ತಿದ್ದಳು, ನಾನೇ ಹೇಳಬೇಕಾಗುತ್ತಿತ್ತು.

ತೊಡಕು ಬಂದದ್ದು ಸೇವ್ ಮಾಡುವಾಗ. ಪ್ರೋಗ್ರಾಂ ಹೆಸರು ಕೇಳಿತು. ಅಪ್ಪ ಮೌಸಿನಿಂದ ಕೈ ತೆಗೆದ.

"ಮುಗೀಲಾರದ್ದಕ್ಕ ಹೆಸರಿಡಬಾರದು. ಹಂಗ ಇರ್ಲಿ ಬಿಡು."

ಸುಮ್ಮನೆ ಒಂದು ಅಂಕಿ ಹೊಡೆದರಾಯಿತು ಎಂದು ವಾದಿಸಿದೆ. ಅಂಕಿಯೂ ಹೆಸರೇ ಎಂದ. ಹಟಕ್ಕೆ ನಿಂತರೆ ಅಪ್ಪ ಬ್ರಹ್ಮದೇವರು ಬಂದರೂ ಕೇಳುವವನಲ್ಲ. ಹಾಗಾಗಿ ನಾವು ಕಂಪ್ಯೂಟರನ್ನು ಆರಿಸುವುದನ್ನೇ ಬಿಟ್ಟೆವು. ಸಂಜೆ ದಡಿ ತೆರೆದಿದ್ದಂತೆಯೇ ಸ್ಲೀಪ್ ಒತ್ತಿ ಅದನ್ನು ಮಲಗಿಸುವುದು, ಮರುದಿನ ಎಬ್ಬಿಸುವುದು. ಕರೆಂಟ್ ಹೋದರೆ ಇರಲಿ ಎಂದು ಯುಪಿಎಸ್ ತಂದೆ.

ಗುಬ್ಬಿಗಳಿಗೆ ಕಣ್ಣಿಡುವುದಷ್ಟೇ ಬಾಕಿ ಇತ್ತು. ಒಂದು ಮುಂಜಾನೆ ಚಹಾ ಕುಡಿದು ಗೋಡೆಗೆ ಒರಗಿದ ಅಪ್ಪ ಮತ್ತೆ ಏಳಲಿಲ್ಲ.

ಆಮೇಲೆ ಅವ್ವನದು ಒಂದು ರೂಢಿಯಾಯಿತು. ಸಂಜೆ ನಾನು ಶಾಲೆಯಿಂದ ಬಂದ ಕೂಡಲೆ, ಅದನ್ನು ಒಂದಿಷ್ಟು ಎಬ್ಬಿಸು ಎನ್ನುತ್ತಿದ್ದಳು. ಕುರ್ಚಿ ಎಳೆದುಕೊಂಡು ದಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಏಳುತ್ತಿದ್ದಳು. ನಾನು ಗುಟ್ಟಾಗಿ ಸೇವ್ ಮಾಡಬಹುದಿತ್ತು. ಮಾಡಲಿಲ್ಲ. ಹೆಸರಿಟ್ಟರೆ ಅಪ್ಪನ ಕೆಲಸ ಮುಗಿಯಿತು ಎಂದು ನಾನೇ ಒಪ್ಪಿದ ಹಾಗಾಗುತ್ತಿತ್ತು. ಒಂದು ಫೋಟೋ ಕೂಡ ತೆಗೆದುಕೊಳ್ಳಲಿಲ್ಲ. ಕಣ್ಣೆದುರಿಗೇ ಇರುವುದನ್ನು ಯಾರು ಫೋಟೋ ತೆಗೆಯುತ್ತಾರೆ?

ಒಂದು ಭಾನುವಾರ ಅವ್ವ ಮಲ್ಲಸಮುದ್ರಕ್ಕೆ ಮದುವೆಗೆ ಹೋಗಿದ್ದಳು. ಕಂಪ್ಯೂಟರ್ ಏಳುವುದೇನೋ ಎದ್ದಿತು, ಆದರೆ ಬಾಣ ಅಲುಗಾಡಲು ತಿಣುಕುತ್ತಿತ್ತು. ಒಳಗೆ ಏನೇನು ನಡೆಯುತ್ತಿದೆ ಎಂದು ತೋರಿಸುವ ಪಟ್ಟಿ ತೆರೆದೆ. ದಡಿಯ ಪ್ರೋಗ್ರಾಮಿನ ಹೆಸರು ಒಂದರ ಕೆಳಗೊಂದು ಹನ್ನೊಂದು ಸಲ ಇತ್ತು. ಪ್ರತಿಯೊಂದರ ಪಕ್ಕದಲ್ಲೂ ಮೆಮೊರಿಯ ಅಂಕಿ ಒಂದೇ. ಕೂಡಿಸಿ ನೋಡಿ ಕಳ್ಳ ಸಿಕ್ಕ ಎಂದುಕೊಂಡೆ. ಮಲಗಿಸಿ ಎಬ್ಬಿಸಿದಾಗಲೆಲ್ಲ ಒಂದೊಂದು ಪ್ರತಿ ಹೆಚ್ಚಾಗಿ ಉಳಿದುಬಿಟ್ಟಿದೆ. ಅಪ್ಪನ ದಡಿ ಮೇಲಿನ ಸಾಲಿನಲ್ಲಿದೆ, ಉಳಿದ ಹತ್ತು ದಂಡ. ಮೇಲಿನದು ಬಿಳಿ, ಕೆಳಗಿನವು ಹಸಿರು. ಬಣ್ಣದ ಮನೆಯಲ್ಲಿ ಹುಟ್ಟಿದವಳು, ಈ ವ್ಯತ್ಯಾಸ ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಅರ್ಧ ಕಲಿತವರ ಅಬ್ಬರ ಹೆಚ್ಚು. ಜಾಣತನ ಮಾಡಿ ಎಲ್ಲಕ್ಕಿಂತ ಕೆಳಗಿನ ಹಸಿರು ಸಾಲನ್ನು ಆಯ್ದು, ಮುಗಿಸು ಎಂದು ಒತ್ತಿದೆ.

ಹನ್ನೊಂದೂ ಸಾಲು ಒಟ್ಟಿಗೆ ಹೋದವು. ತೆನೆ, ಗುಬ್ಬಿ, ದಡಿ ಎಲ್ಲ ಹೋಗಿ ಪರದೆಯ ಮೇಲೆ ಹಿನ್ನೆಲೆಯ ನೀಲಿ ಬಣ್ಣ ಉಳಿಯಿತು.

ಲಕ್ಷ್ಮೇಶ್ವರದ ಗೆಳತಿಗೆ ಫೋನ್ ಮಾಡಿದೆ. ಹೆಸರಿಡದ ಚಿತ್ರದ ಪ್ರತಿಯನ್ನು ಆ ಪ್ರೋಗ್ರಾಂ ಎಲ್ಲೂ ಇಟ್ಟುಕೊಳ್ಳುವುದಿಲ್ಲ ಎಂದು ಮೊದಲು ಹೇಳಿದಳು. ಆಮೇಲೆ, ಪ್ರೋಗ್ರಾಮನ್ನು ಮತ್ತೆ ತೆರೆದು ಪಟ್ಟಿಯಲ್ಲಿ ಶಿಫ್ಟ್ ಹಿಡಿದು ಎಚ್ ಒತ್ತಲು ಹೇಳಿದಳು. ಮತ್ತೆ ಮೂಡಿದ್ದ ಹನ್ನೊಂದು ಸಾಲುಗಳಲ್ಲಿ ಹತ್ತು ಹಸಿರು ಸಾಲು ಅಡಗಿ ಒಂದೇ ಬಿಳಿ ಸಾಲು ಉಳಿಯಿತು.

"ಅವು ಹನ್ನೊಂದು ಇದ್ದಿಲ್ಲಲೇ, ಒಂದ ಇತ್ತು. ಹನ್ನೊಂದು ಕೈಲೆ ಕೆಲಸ ಮಾಡ್ತಿತ್ತು ಅಷ್ಟ."

ಹಸಿರು ಸಾಲುಗಳು ಅದರ ಕೈಗಳು, ಒಂದನ್ನು ಮುಗಿಸಿದರೂ ಇಡೀ ಪ್ರೋಗ್ರಾಂ ಹೋಗುತ್ತದಂತೆ. ಆ ಮೆಮೊರಿಯ ಅಂಕಿಗಳು ಕೂಡಿಸುವಂಥವೂ ಅಲ್ಲವಂತೆ. ಹನ್ನೊಂದೂ ಉಣ್ಣುತ್ತಿದ್ದುದು ಒಂದೇ ತಾಟಿನಲ್ಲಿ. ಕಂಪ್ಯೂಟರ್ ತಿಣುಕುತ್ತಿದ್ದುದು ಶಾಲೆಯ ಪ್ರಶ್ನೆಪತ್ರಿಕೆಗಾಗಿ ನಾನೇ ಬ್ರೌಸರಿನಲ್ಲಿ ತೆರೆದು ಮರೆತ ಪುಟಗಳಿಂದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಎರಡು ದಿನ ಅವ್ವನಿಗೆ ಸುಳ್ಳು ಹೇಳಿದೆ. ಒಮ್ಮೆ ಕರೆಂಟಿಲ್ಲ, ಒಮ್ಮೆ ಯುಪಿಎಸ್ ಕೆಟ್ಟಿದೆ. ಮೂರನೆಯ ಸಂಜೆ ಅವಳು ಕುರ್ಚಿ ಎಳೆದ ಸದ್ದು ಕೇಳಿ ತಡೆಯಲಾಗಲಿಲ್ಲ, ಅಪ್ಪನ ದಡಿಯನ್ನು ನನ್ನ ಕೈಯಾರೆ ಕಳೆದೆ ಎಂದು ಹೇಳಿ ಅತ್ತೆ. ಅವಳು ಅಳಲಿಲ್ಲ. ಖಾಲಿ ಪರದೆಯ ಮುಂದಿನ ಇನ್ನೊಂದು ಕುರ್ಚಿಯನ್ನು ನನ್ನ ಕಡೆ ತಳ್ಳಿದಳು.

"ಕುಂಡ್ರು. ನಾ ಹೇಳ್ತೀನಿ, ನೀ ದಡಿ ತಗಿ."

ನೋಡುತ್ತಿದ್ದಾಳೆ ಎಂದುಕೊಂಡಿದ್ದೆ, ಅವಳು ಎಣಿಸುತ್ತಿದ್ದಳು. ತೆನೆಯ ಬುಡ ಮೂರು ಚೌಕಳಿ, ಹೊಟ್ಟೆ ಒಂಬತ್ತು, ಮೊದಲ ಗುಬ್ಬಿ ಹಿಂದೆ ತಿರುಗಿ ನೋಡುತ್ತದೆ, ಎರಡನೆಯದು ಮುಂದೆ. ನಲವತ್ತು ವರ್ಷ ಅಪ್ಪನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟವಳು. ನೆನಪಾಗದ ಕಡೆ ಕಣ್ಣು ಮುಚ್ಚಿ ಕೂರುತ್ತಿದ್ದಳು, ನಾನು ಕಾಯುತ್ತಿದ್ದೆ. ಹೀಗೆ ಒಂದು ತಿಂಗಳು ಹಿಡಿಯಿತು. ಕಣ್ಣಿಡಲೇ ಎಂದು ಕೇಳಿದ್ದಕ್ಕೆ, ಅವರು ಇಟ್ಟಿರಲಿಲ್ಲ, ಬೇಡ ಎಂದಳು.

ಅಲ್ಲಿಗೆ ಕೈ ನಿಂತಿತು. ದಡಿ ಅಪ್ಪ ಬಿಟ್ಟುಹೋದಷ್ಟೇ ಆಗಿತ್ತು, ಮುಗಿದಿರಲಿಲ್ಲ. ಸೇವ್ ಮಾಡುವ ಧೈರ್ಯ ನನಗಿರಲಿಲ್ಲ, ಮಾಡದಿರುವ ಧೈರ್ಯ ಅದಕ್ಕಿಂತ ಕಡಿಮೆ.

"ಹೆಸರಿಡು," ಅಂದಳು ಅವ್ವ. "ಅವರಿಗೆ ನಾ ಜವಾಬು ಕೊಡ್ತೀನಿ."

ಏನೆಂದು ಇಡಲಿ ಎಂದು ಕೇಳಿದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಈ ಸಲ ನನ್ನ ಮುಖ ನೋಡಲಿಲ್ಲ. ಪರದೆಯ ಕಡೆಗೇ ನೋಡುತ್ತ, ಮೆಲ್ಲಗೆ, ಅಪ್ಪನ ಹೆಸರು ಹೇಳಿದಳು. ನಾನು ಅದನ್ನು ಒಂದೊಂದೇ ಅಕ್ಷರವಾಗಿ ಒತ್ತಿದೆ.